ವಿದ್ಯುನ್ಮಾನ ಪ್ರಸಾರದ ಸುಂಕ ನಿಷೇಧ

ಅಂತರಜಾಲದ ಮೂಲಕ ಗಡಿ ದಾಟುವ ಸಾಫ್ಟ್‌ವೇರ್, ಸಿನಿಮಾ, ಸಂಗೀತ, ಇ-ಪುಸ್ತಕಗಳಂಥವುಗಳಿಗೆ ಆಮದು ಸುಂಕ ಹಾಕಬಾರದೆಂಬ, ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳ ತಾತ್ಕಾಲಿಕ ಒಪ್ಪಂದ. 1998ರ ಮೇ ತಿಂಗಳಲ್ಲಿ ಜಿನೀವಾದ ಸಚಿವರ ಸಮ್ಮೇಳನದಲ್ಲಿ ರೂಪುಗೊಂಡ ಇದರ ಅವಧಿಯನ್ನು ಮುಂದೆ ಹಲವು ಸಮ್ಮೇಳನಗಳು ವಿಸ್ತರಿಸಿದವು. 2024ರ ಅಬುಧಾಬಿ ಸಮ್ಮೇಳನವು ಮುಂದಿನ ಸಮ್ಮೇಳನ ಅಥವಾ 2026ರ ಮಾರ್ಚ್ 31, ಇವುಗಳಲ್ಲಿ ಮೊದಲು ಬರುವುದನ್ನೇ ಗಡುವಾಗಿಸಿತು.

ಒಂದು ಚಲನಚಿತ್ರ ಡಿವಿಡಿಯಾಗಿ ಬಂದರಿಗೆ ಬಂದರೆ ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ ಸುಂಕ ಕಟ್ಟಿಸಿಕೊಳ್ಳಬಹುದು. ಅದೇ ಚಿತ್ರ ನೇರ ಫೋನಿಗೆ ಇಳಿದರೆ ಈ ನಿಷೇಧದಡಿ ಸುಂಕವಿಲ್ಲ. ವಿವಾದದ ಬೇರು ಇಲ್ಲೇ ಇದೆ. ‘ವಿದ್ಯುನ್ಮಾನ ಪ್ರಸಾರ’ವೆಂದರೆ ಬರೀ ರವಾನೆಯೋ, ಅದರೊಳಗಿನ ಸರಕೂ ಸೇರಿಯೋ ಎಂಬುದನ್ನು ಮೂಲ ಘೋಷಣೆ ಬಿಡಿಸಿ ಹೇಳಿಲ್ಲ. ಇಷ್ಟು ಮುಖ್ಯವಾದ ನಿಯಮಕ್ಕೆ ಇದು ಸಣ್ಣ ಲೋಪವಲ್ಲ. ರವಾನೆಗೆ ಮಾತ್ರ ಅನ್ವಯವೆಂದು ವಾದಿಸಿದ ಇಂಡೊನೇಷ್ಯಾ, 2018ರಲ್ಲಿ ಡಿಜಿಟಲ್ ಸರಕಿಗೂ ತನ್ನ ಸುಂಕಪಟ್ಟಿಯಲ್ಲಿ ಜಾಗ ಮಾಡಿತು. ದರ ಮಾತ್ರ ಸೊನ್ನೆ.

ಜಿಎಸ್‌ಟಿಯಂಥ ಆಂತರಿಕ ತೆರಿಗೆಗೆ ನಿಷೇಧದ ಅಡ್ಡಿಯಿಲ್ಲ. ಆದರೂ ವರಮಾನ ಸೋರುತ್ತದೆ, ದೇಶೀಯ ಡಿಜಿಟಲ್ ಉದ್ಯಮವನ್ನು ಬೆಳೆಸುವ ದಾರಿ ಕಿರಿದಾಗುತ್ತದೆ ಎಂದು ಭಾರತ, ದಕ್ಷಿಣ ಆಫ್ರಿಕಾ ಆಕ್ಷೇಪಿಸುತ್ತ ಬಂದಿವೆ. ಈ ಆತಂಕ ನ್ಯಾಯವಾದದ್ದು. ಬೆಂಗಳೂರಿನಂಥ ಸಾಫ್ಟ್‌ವೇರ್ ರಫ್ತು ನಗರಕ್ಕೆ ಸುಂಕರಹಿತ ಹಾದಿ ಅನುಕೂಲವೆಂಬುದೂ ಅಷ್ಟೇ ನಿಜ.