ಮೆಚ್ಚುಗೆಯ ಪಕ್ಕದಲ್ಲೇ ಮೂದಲಿಕೆ: ಜೇನ್ ಆಸ್ಟಿನ್ ಬರೆದಿಟ್ಟ ಓದುಗರ ಮಾತು

1814ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳ ಒಂದು ಕಾದಂಬರಿ ಹೊರಬಂತು. ಹೆಸರು ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’. ಬೆಲೆ 18 ಷಿಲಿಂಗ್. ಪುಸ್ತಕದಲ್ಲಿ ಲೇಖಕಿಯ ಹೆಸರಿರಲಿಲ್ಲ; ಹಿಂದಿನ ಎರಡು ಕಾದಂಬರಿಗಳನ್ನು ಬರೆದವರೇ ಇದನ್ನೂ ಬರೆದಿದ್ದಾರೆ ಎಂದಷ್ಟೇ ಅಚ್ಚಾಗಿತ್ತು. ಆರು ತಿಂಗಳೊಳಗೆ ಪ್ರತಿಗಳೆಲ್ಲ ಮಾರಾಟವಾದವು. ಆದರೆ ಆಗ ಒಂದು ಪತ್ರಿಕೆಯೂ ಅದರ ವಿಮರ್ಶೆ ಪ್ರಕಟಿಸಲಿಲ್ಲ.

ವಿಮರ್ಶಕರು ಸುಮ್ಮನಿದ್ದರೂ ಲೇಖಕಿ ಸುಮ್ಮನೆ ಕೂರಲಿಲ್ಲ. ಪುಸ್ತಕ ಓದಿದ ನೆಂಟರು, ನೆರೆಹೊರೆಯವರು, ಗೆಳತಿಯರು, ಅವರ ಪರಿಚಯದವರು ಏನೆಂದರು ಎಂಬುದನ್ನು ಕೇಳಿ ತಿಳಿದು, ಬಂದ ಕಾಗದಗಳಿಂದ ಹೆಕ್ಕಿ, ಒಬ್ಬೊಬ್ಬರ ಹೆಸರಿನ ಮುಂದೆ ಅವರವರ ಅಭಿಪ್ರಾಯವನ್ನು ತನ್ನ ಕೈಯಾರೆ ಬರೆದಿಟ್ಟಳು. ಮುಂದಿನ ಕಾದಂಬರಿ ‘ಎಮ್ಮಾ’ 1815ರ ಡಿಸೆಂಬರ್‌ನಲ್ಲಿ ಬಂದಾಗಲೂ ಹಾಗೆಯೇ ಮಾಡಿದಳು. ಆ ಹಾಳೆಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬರೆದಾಕೆ ಜೇನ್ ಆಸ್ಟಿನ್.

ಇಂಗ್ಲೆಂಡಿನ ಇತಿಹಾಸದಲ್ಲಿ ಇದು ‘ರೀಜೆನ್ಸಿ’ ಎಂದು ಹೆಸರಾದ ಕಾಲ. ದೊರೆ ಮೂರನೆಯ ಜಾರ್ಜ್‌ಗೆ ಬುದ್ಧಿಭ್ರಮಣೆಯಾಗಿ 1811ರ ಫೆಬ್ರುವರಿಯಲ್ಲಿ ಅವನ ಹಿರಿಯ ಮಗ ರಾಜಪ್ರತಿನಿಧಿಯಾಗಿ, ಅಂದರೆ ‘ಪ್ರಿನ್ಸ್ ರೀಜೆಂಟ್’ ಆಗಿ ಅಧಿಕಾರ ವಹಿಸಿಕೊಂಡ. 1820ರಲ್ಲಿ ತಂದೆ ತೀರಿಕೊಳ್ಳುವವರೆಗೂ ಈ ಏರ್ಪಾಡು ನಡೆಯಿತು. ಒಂದು ಕಡೆ ನೆಪೋಲಿಯನ್ ಜೊತೆ ಯುದ್ಧ, ಇನ್ನೊಂದು ಕಡೆ ಅರಮನೆಯ ದುಂದು. ಇವೆರಡರಿಂದ ದೂರದಲ್ಲಿ, ಹ್ಯಾಂಪ್‌ಷೈರ್ ಪ್ರಾಂತ್ಯದ ಚಾಟನ್ ಎಂಬ ಹಳ್ಳಿಯಲ್ಲಿ, ಅಣ್ಣ ಎಡ್ವರ್ಡ್ ಬಿಟ್ಟುಕೊಟ್ಟ ಮನೆಯಲ್ಲಿ ತಾಯಿ ಮತ್ತು ಅಕ್ಕನ ಜೊತೆ ಆಸ್ಟಿನ್ ವಾಸವಾಗಿದ್ದಳು. ಪಾದ್ರಿಯಾಗಿದ್ದ ತಂದೆ 1805ರಲ್ಲೇ ತೀರಿಕೊಂಡಿದ್ದರು. ಮದುವೆಯಾಗದ ಹೆಣ್ಣು, ಸ್ವಂತ ಆದಾಯವಿಲ್ಲ, ಸೋದರರ ನೆರವೇ ಆಧಾರ.

ಹಾಗಾಗಿ ಓದುಗರ ಅಭಿಪ್ರಾಯ ಆಕೆಗೆ ಬರಿಯ ಕುತೂಹಲದ ವಿಷಯವಾಗಿರಲಿಲ್ಲ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಹಕ್ಕನ್ನು 110 ಪೌಂಡಿಗೆ ಮಾರಿ, ಅದು ಚೆನ್ನಾಗಿ ಖರ್ಚಾದಾಗ ಲಾಭವೆಲ್ಲ ಪ್ರಕಾಶಕನ ಪಾಲಾದದ್ದನ್ನು ನೋಡಿದ್ದಳು. ಆದ್ದರಿಂದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಅನ್ನು ಹಕ್ಕು ಮಾರದೆ, ತನ್ನದೇ ಹೊಣೆಯಲ್ಲಿ ಅಚ್ಚು ಹಾಕಿಸಿದಳು. ಪುಸ್ತಕ ಹೋದರೆ ಲಾಭ ಆಕೆಯದು, ಹೋಗದಿದ್ದರೆ ನಷ್ಟವೂ ಆಕೆಯದೇ. 18 ಷಿಲಿಂಗ್ ಎಂದರೆ ಹೊಲದಲ್ಲಿ ದುಡಿಯುವ ಕೂಲಿಯವನ ಒಂದು ವಾರದ ಗಳಿಕೆಗಿಂತ ಹೆಚ್ಚು. ಮಧ್ಯಮ ವರ್ಗದವರೂ ಅಷ್ಟು ಕೊಟ್ಟು ಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಚಂದಾ ಕಟ್ಟಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಒಂದೊಂದೇ ಸಂಪುಟ ತರುವುದು, ಇಲ್ಲವೇ ಕೊಂಡವರ ಮನೆಯಿಂದ ಕೇಳಿ ಪಡೆಯುವುದು ರೂಢಿ. 1814ರ ನವೆಂಬರ್‌ನಲ್ಲಿ ಎರಡನೇ ಮುದ್ರಣದ ಮಾತು ಬಂದಾಗ ಆಸ್ಟಿನ್ ತನ್ನ ಅಣ್ಣನ ಮಗಳಿಗೆ ಬರೆದ ಕಾಗದದಲ್ಲಿ ಇದನ್ನೇ ಹೇಳಿಕೊಂಡಿದ್ದಾಳೆ: ಜನ ಪುಸ್ತಕವನ್ನು ಎರವಲು ಪಡೆಯುವುದರಲ್ಲಿ, ಹೊಗಳುವುದರಲ್ಲಿ ಮುಂದು, ಕೊಳ್ಳುವುದರಲ್ಲಿ ಅಷ್ಟಕ್ಕಷ್ಟೆ, ಹೊಗಳಿಕೆ ತನಗೂ ಇಷ್ಟವೇ, ಆದರೆ ಕಾಸೂ ಇಷ್ಟ.

ಫ್ಯಾನಿಯ ಪರ, ಫ್ಯಾನಿಯ ವಿರೋಧ

‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ನಾಯಕಿ ಫ್ಯಾನಿ ಪ್ರೈಸ್. ಬಡ ಮನೆಯ ಹುಡುಗಿ. ಹತ್ತನೇ ವಯಸ್ಸಿಗೆ ಸಿರಿವಂತ ದೊಡ್ಡಮ್ಮನ ಮನೆ ಸೇರಿ, ಮೂಲೆಯಲ್ಲಿ ಬೆಳೆಯುತ್ತಾಳೆ. ಇನ್ನೊಬ್ಬ ದೊಡ್ಡಮ್ಮ ಮಿಸೆಸ್ ನಾರಿಸ್ ಪರರ ಖರ್ಚಿನಲ್ಲಿ ಧಾರಾಳಿ, ತನ್ನ ಗಂಟಿನಲ್ಲಿ ಕಡುಜಿಪುಣಿ. ಫ್ಯಾನಿಯನ್ನು ಚುಚ್ಚುವುದೇ ಅವಳ ಕೆಲಸ. ಹೆನ್ರಿ ಕ್ರಾಫರ್ಡ್ ಎಂಬ ಹಣವಂತ ಚೆಲ್ಲಾಟದವನು ಫ್ಯಾನಿಯನ್ನು ಬಯಸಿ ಬಂದಾಗ ಮನೆಯವರೆಲ್ಲ ಒತ್ತಾಯಿಸಿದರೂ ಅವಳು ಒಪ್ಪುವುದಿಲ್ಲ. ಅವಳ ಮನಸ್ಸು ದೊಡ್ಡಮ್ಮನ ಮಗ ಎಡ್ಮಂಡ್ ಮೇಲೆ. ಎಡ್ಮಂಡ್‌ಗೋ ಹೆನ್ರಿಯ ತಂಗಿ ಮೇರಿಯ ಮರುಳು. ಕೊನೆಗೆ ಎಡ್ಮಂಡ್ ಫ್ಯಾನಿಯನ್ನೇ ಮದುವೆಯಾಗುತ್ತಾನೆ. ದೊಡ್ಡಮ್ಮನ ಮಗ ನಮ್ಮಲ್ಲಿ ಅಣ್ಣನಾಗುತ್ತಾನೆ. ಕನ್ನಡದ ಓದುಗರು ಇಲ್ಲಿ ಥಟ್ಟನೆ ನಿಲ್ಲುವುದು ಸಹಜ. ಇಂಗ್ಲಿಷ್ ಓದುಗರ ತಕರಾರುಗಳೇ ಬೇರೆ.

ಪಟ್ಟಿಯಲ್ಲಿ ಆಸ್ಟಿನ್ ಮನೆಯವರೇ ಮುಂಚೂಣಿಯಲ್ಲಿದ್ದಾರೆ. ತಾಯಿಗೆ ಇದು ‘ಪ್ರೈಡ್ ಅಂಡ್ ಪ್ರೆಜುಡಿಸ್’ನಷ್ಟು ಹಿಡಿಸಲಿಲ್ಲ, ಫ್ಯಾನಿ ಸಪ್ಪೆ ಎನಿಸಿದಳು, ಮಿಸೆಸ್ ನಾರಿಸ್ ಮಾತ್ರ ಬಹಳ ಖುಷಿ ಕೊಟ್ಟಳು. ಅಕ್ಕ ಕಸಾಂಡ್ರಳಿಗೆ ಫ್ಯಾನಿ ಎಂದರೆ ಅಕ್ಕರೆ. ಎಡ್ವರ್ಡ್‌ನ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಫ್ಯಾನಿಯ ಪರ, ಇನ್ನೊಬ್ಬ ವಿರೋಧ. ಆ ಎರಡನೆಯವನಿಗೆ ಮೇರಿ ಕ್ರಾಫರ್ಡ್ ಬಿಟ್ಟು ಮತ್ತಾರೂ ಬೇಡ. ಹಿರಿಯಣ್ಣನ ಮಗಳು ಅನ್ನಾ ಫ್ಯಾನಿಯನ್ನು ಸಹಿಸಲಾರೆ ಎಂದಳು. ನೌಕಾಪಡೆಯಲ್ಲಿದ್ದ ಅಣ್ಣ ಫ್ರಾನ್ಸಿಸ್‌ಗೆ ಅದೇ ಫ್ಯಾನಿ ಮುದ್ದಾದ ಪಾತ್ರ. ಎಡ್ವರ್ಡ್‌ನ ಮಗಳು ಫ್ಯಾನಿ ನೈಟ್‌ಗೆ (ನಾಯಕಿಯ ಹೆಸರೇ ಇವಳದೂ) ನಾಯಕಿ ಇಷ್ಟವಾದಳು, ಮುಕ್ತಾಯ ರುಚಿಸಲಿಲ್ಲ. ಕೊನೆಯಲ್ಲಿ ಪ್ರೇಮದ ಸನ್ನಿವೇಶ ಇನ್ನಷ್ಟು ಇರಬೇಕಿತ್ತು ಎಂಬುದು ಅವಳ ದೂರು. ಪ್ರೇಮಕಾದಂಬರಿ ಓದುವವರು ಇಂದಿಗೂ ಹೇಳುವ ಮಾತಿದು.

ಒಂದೇ ಮನೆಯಲ್ಲಿ, ಒಂದೇ ಪಾತ್ರದ ಬಗ್ಗೆ ಇಷ್ಟು ಜಗಳ. ಯಾವುದು ಸರಿ ಎಂದು ಆಸ್ಟಿನ್ ಪಕ್ಕದಲ್ಲಿ ಟಿಪ್ಪಣಿ ಹಾಕಿಲ್ಲ. ಹೊಗಳಿಕೆಗೆ ಜಾಸ್ತಿ ಜಾಗ ಕೊಟ್ಟು ತೆಗಳಿಕೆಯನ್ನು ಮೊಟಕು ಮಾಡಿಯೂ ಇಲ್ಲ. ಪ್ರಕಾಶಕ ಎಗರ್ಟನ್ ಪುಸ್ತಕದ ನೀತಿಯನ್ನು ಹೊಗಳಿದ ಎಂಬುದೂ ಅಲ್ಲಿದೆ, ಆಗಸ್ಟಾ ಬ್ರಾಮ್‌ಸ್ಟನ್ ಎಂಬ ಹಿರಿಯ ಹೆಂಗಸಿನ ಮಾತೂ ಅಲ್ಲಿದೆ. ಮೊದಲಿನ ಎರಡು ಕಾದಂಬರಿಗಳು ಶುದ್ಧ ತಲೆಹರಟೆ ಎನ್ನುವುದು ಆಕೆಯ ತೀರ್ಪು. ಮೂರನೆಯದು ಮೆಚ್ಚಿಗೆಯಾದೀತೆಂದು ಕೈಗೆತ್ತಿಕೊಂಡು, ಮೊದಲ ಸಂಪುಟ ಮುಗಿಸಿ, ಸದ್ಯ ಕಷ್ಟದ ಭಾಗ ಕಳೆಯಿತು ಎಂದು ಸಮಾಧಾನ ಪಟ್ಟುಕೊಂಡಳಂತೆ. ಇಂಥ ಮಾತನ್ನು ಬೇರೆ ಲೇಖಕರಾಗಿದ್ದರೆ ಒಲೆಗೆ ಹಾಕುತ್ತಿದ್ದರು. ಆಸ್ಟಿನ್ ಅಂದವಾದ ಅಕ್ಷರದಲ್ಲಿ ನಕಲು ಮಾಡಿ ಇಟ್ಟುಕೊಂಡಳು. ಆಕೆ ಅದನ್ನು ಬರೆಯುವಾಗ ನಕ್ಕಿರಲಾರಳು ಎಂದು ನಂಬುವುದು ಕಷ್ಟ.

‘ಎಮ್ಮಾ’ದ ಪಟ್ಟಿ ಇನ್ನೂ ಸ್ವಾರಸ್ಯಕರ. ತಮ್ಮ ಚಾರ್ಲ್ಸ್ ಹಡಗಿನ ಒಂದೇ ಪ್ರಯಾಣದಲ್ಲಿ ಮೂರು ಸಲ ಓದಿದ. ಸಾಹಿತ್ಯಲೋಕ ಹೆದರುತ್ತಿದ್ದ ‘ಎಡಿನ್‌ಬರೋ ರಿವ್ಯೂ’ವಿನ ಸಂಪಾದಕ ಜೆಫ್ರಿ ಮೂರು ರಾತ್ರಿ ನಿದ್ದೆಗೆಟ್ಟನೆಂಬ ಸುದ್ದಿ ಬಂತು. ಫೌಲ್ ಎಂಬಾತ ಪುಸ್ತಕ ಸ್ವಾರಸ್ಯವಾಗಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಮೊದಲ ಮತ್ತು ಕೊನೆಯ ಅಧ್ಯಾಯಗಳನ್ನಷ್ಟೇ ಓದಿ ಕೈತೊಳೆದುಕೊಂಡ. ಬರೆದವಳು ಪರಿಚಯದವಳಲ್ಲದಿದ್ದರೆ ಓದಿ ಮುಗಿಸಲೂ ಆಗುತ್ತಿರಲಿಲ್ಲ ಎಂದಳು ನೆರೆಮನೆಯ ಮಿಸೆಸ್ ಡಿಗ್‌ವೀಡ್. ಮತ್ತೊಬ್ಬಾಕೆಗೆ ಕತೆ ತೀರ ಸಹಜವಾದ್ದರಿಂದಲೇ ಬೇಸರ. ಕಾಕರೆಲ್ ಎಂಬವನ ಅಭಿಪ್ರಾಯ ಎಷ್ಟು ಕಟುವಾಗಿತ್ತೆಂದರೆ, ಅದನ್ನು ಕಳಿಸಲು ಫ್ಯಾನಿ ನೈಟ್‌ಗೆ ಮನಸ್ಸೇ ಬರಲಿಲ್ಲ. ಕಳಿಸಲಿಲ್ಲ ಎಂಬ ಸಂಗತಿಯನ್ನೂ ಆಸ್ಟಿನ್ ದಾಖಲಿಸಿದಳು. ಸ್ವತಃ ಫ್ಯಾನಿ ನೈಟ್‌ಗೂ ಈ ಸಲ ನಾಯಕಿಯನ್ನು ಕಂಡರಾಗಲಿಲ್ಲ.

ಕೆಲವರ ಆಕ್ಷೇಪ ಗಂಭೀರವಾದದ್ದು. ಫ್ರಾನ್ಸ್‌ನ ಕ್ರಾಂತಿಯಲ್ಲಿ ಚರ್ಚೂ ಸಿಂಹಾಸನವೂ ಉರುಳಿದ್ದನ್ನು ಕಂಡ ತಲೆಮಾರು ಅದು. ಇಂಥ ಕಾಲದಲ್ಲಿ ಪಾದ್ರಿಗಳನ್ನು ನಗೆಪಾಟಲು ಮಾಡುವುದು ತಪ್ಪು ಎಂದು ಮಿಸೆಸ್ ರಾಟನ್ ಎಂಬಾಕೆ ಹೇಳಿದಳು. ಶೆರರ್ ಎಂಬ ಪಾದ್ರಿಗೂ ಅದೇ ಸಿಟ್ಟು. ಪಾದ್ರಿಯ ಮಗಳಾಗಿ ಹುಟ್ಟಿ ಬೆಳೆದವಳಿಗೆ ಈ ಮಾತು ನಾಟಿರಬೇಕು. ಮಿಸ್ ಹೆರೀಸ್ ಎಂಬಾಕೆಯ ಆಪಾದನೆ ಎರಡು. ನಾಯಕಿಯಲ್ಲಿ ದೋಷಗಳನ್ನು ತೋರಿಸಿ ಹೆಣ್ಣುಕುಲದ ಮಾನ ತೆಗೆಯಲಾಗಿದೆ ಎಂಬುದು ಒಂದು. ಕತೆಯಲ್ಲಿ ಬರುವ ಬಡ ತಾಯಿ ಮತ್ತು ಬಾಯಿಬಡುಕಿ ಮಗಳು ತನ್ನ ಪರಿಚಯದವರೇ ಎಂಬುದು ಇನ್ನೊಂದು. ಆ ಜನರ ಹೆಸರನ್ನೇ ತಾನು ಕೇಳಿರಲಿಲ್ಲ ಎಂದು ಆಸ್ಟಿನ್ ಬರೆದುಕೊಂಡಿದ್ದಾಳೆ. ಇಡೀ ಪಟ್ಟಿಯಲ್ಲಿ ಆಕೆ ತನ್ನ ಪರವಾಗಿ ಬಾಯಿ ತೆರೆದದ್ದು ಹೀಗೆ ಅಪರೂಪಕ್ಕೆ.

ದೊಡ್ಡವರ ಅಭಿಪ್ರಾಯವೂ ಬಾರದೆ ಇರಲಿಲ್ಲ. 1816ರಲ್ಲಿ ‘ಕ್ವಾರ್ಟರ್ಲಿ ರಿವ್ಯೂ’ನಲ್ಲಿ ‘ಎಮ್ಮಾ’ ಕುರಿತು ಹೆಸರಿಲ್ಲದ ದೀರ್ಘ ವಿಮರ್ಶೆ ಬಂತು. ಬರೆದವನು ವಾಲ್ಟರ್ ಸ್ಕಾಟ್. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಬಂದ ಎರಡೇ ತಿಂಗಳಿಗೆ, 1814ರ ಜುಲೈನಲ್ಲಿ, ‘ವೇವರ್ಲಿ’ ಎಂಬ ಐತಿಹಾಸಿಕ ಕಾದಂಬರಿಯನ್ನು ಹೆಸರು ಹಾಕದೆ ಪ್ರಕಟಿಸಿ ಇಡೀ ದೇಶವನ್ನು ಮರುಳುಮಾಡಿದವನು. ಅವನ ಮೆಚ್ಚುಗೆ ಸಣ್ಣದೇನಲ್ಲ. ಆದರೆ ಆ ಲೇಖನದಲ್ಲಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಸುದ್ದಿಯೇ ಇಲ್ಲ. ಅಷ್ಟು ಜಾಣನಾದ ವಿಮರ್ಶಕನಿಗೆ ಅದು ಗಮನಕ್ಕೆ ಅರ್ಹವೆನಿಸದೆ ಹೋಯಿತಲ್ಲ ಎಂದು ಆಸ್ಟಿನ್ ಪ್ರಕಾಶಕ ಜಾನ್ ಮರ್ರೆಗೆ ಬೇಸರದಿಂದ ಬರೆದಳು. ಆ ವರ್ಷ ಮರ್ರೆ ಅಚ್ಚು ಹಾಕಿದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಎರಡನೇ ಮುದ್ರಣ ನಷ್ಟ ತಂದಿತು. ‘ಎಮ್ಮಾ’ದ ಲಾಭದಿಂದ ಅದನ್ನು ಮುರಿದುಕೊಂಡ ಮೇಲೆ ಲೇಖಕಿಯ ಕೈಗೆ ಬಂದದ್ದು 39 ಪೌಂಡಿಗೂ ಕಡಿಮೆ.

ಅರಮನೆಯಿಂದ ಬಂದ ಸಲಹೆ

ಪ್ರಿನ್ಸ್ ರೀಜೆಂಟ್‌ನೇ ಆಸ್ಟಿನ್‌ಳ ಅಭಿಮಾನಿಯಾಗಿದ್ದ. 1815ರ ನವೆಂಬರ್‌ನಲ್ಲಿ ಅವನ ಗ್ರಂಥಪಾಲಕ ಜೇಮ್ಸ್ ಸ್ಟ್ಯಾನಿಯರ್ ಕ್ಲಾರ್ಕ್ ಆಕೆಯನ್ನು ಕಾರ್ಲ್‌ಟನ್ ಹೌಸ್ ಅರಮನೆಗೆ ಕರೆಸಿ ಗ್ರಂಥಾಲಯ ತೋರಿಸಿದ. ಮುಂದಿನ ಕಾದಂಬರಿಯನ್ನು ಯುವರಾಜನಿಗೆ ಅರ್ಪಿಸಲು ‘ಅನುಮತಿ’ ಇದೆ ಎಂದ. ಇಂಥ ಅನುಮತಿ ಅಪ್ಪಣೆಗೆ ಸಮಾನ. ಹೆಂಡತಿಯನ್ನು ನಡೆಸಿಕೊಂಡ ರೀತಿಗಾಗಿ ರೀಜೆಂಟ್‌ನನ್ನು ಆಸ್ಟಿನ್ ದ್ವೇಷಿಸುತ್ತಿದ್ದಳು. ಎರಡು ವರ್ಷ ಹಿಂದಿನ ಕಾಗದವೊಂದರಲ್ಲಿ ಹಾಗೆಂದು ಬರೆದೂ ಇದ್ದಳು. ಆದರೂ ‘ಎಮ್ಮಾ’ ಅವನಿಗೇ ಅರ್ಪಿತವಾಯಿತು.

ಕ್ಲಾರ್ಕ್ ಅಷ್ಟಕ್ಕೇ ಬಿಡಲಿಲ್ಲ. ಮೊದಲು ಪಾದ್ರಿಯೊಬ್ಬನ ಜೀವನ ಕುರಿತು ಬರೆಯಿರಿ ಎಂದ. ವಿವರಗಳನ್ನು ನೋಡಿದರೆ ಆ ಪಾದ್ರಿ ಅವನೇ! 1816ರ ಮಾರ್ಚ್‌ನಲ್ಲಿ ಇನ್ನೊಂದು ಸಲಹೆ ಬಂತು. ರೀಜೆಂಟ್‌ನ ಮಗಳು ಷಾರ್ಲೆಟ್‌ಗೂ ಕೋಬರ್ಗ್ ಮನೆತನದ ಲಿಯೋಪೋಲ್ಡ್‌ಗೂ ಮದುವೆ ನಿಶ್ಚಯವಾಗಿತ್ತು. ಈ ಸಮಯದಲ್ಲಿ ಕೋಬರ್ಗ್ ವಂಶದ ಚರಿತ್ರೆಯನ್ನು ಆಧರಿಸಿದ ಐತಿಹಾಸಿಕ ರೊಮ್ಯಾನ್ಸ್ ಬರೆದರೆ ಚೆನ್ನಾಗಿರುತ್ತದೆ ಎಂದು ಅವನ ಸೂಚನೆ. ಹಣ ಮತ್ತು ಹೆಸರು ಎರಡಕ್ಕೂ ಅದು ಸುಲಭದ ದಾರಿ. ಸ್ಕಾಟ್ ಆಗಲೇ ಅದನ್ನು ತೋರಿಸಿಕೊಟ್ಟಿದ್ದ.

ಏಪ್ರಿಲ್ 1ರಂದು ಆಸ್ಟಿನ್ ಬರೆದ ಉತ್ತರ ವಿನಯದ್ದು, ಆದರೆ ಅಲುಗಾಡದ್ದು. ಅದು ಹೆಚ್ಚು ಲಾಭ ತಂದೀತು, ಜನಪ್ರಿಯವೂ ಆದೀತು. ಆದರೆ ಪ್ರಾಣ ಉಳಿಸಿಕೊಳ್ಳಲಲ್ಲದೆ ಬೇರೆ ಯಾವ ಕಾರಣಕ್ಕೂ ಗಂಭೀರ ರೊಮ್ಯಾನ್ಸ್ ಬರೆಯಲು ಕೂರಲಾರೆ. ನಗಬಾರದೆಂಬ ಕಟ್ಟು ಹಾಕಿದರೆ ಮೊದಲ ಅಧ್ಯಾಯ ಮುಗಿಯುವುದರೊಳಗೆ ತನ್ನನ್ನು ನೇಣಿಗೆ ಹಾಕಬೇಕಾದೀತು ಎಂಬುದು ಅದರ ಸಾರಾಂಶ. ಆ ಹೊತ್ತಿಗೆ ಬಂದ ಸಲಹೆಗಳನ್ನೆಲ್ಲ ಸೇರಿಸಿ ಆಕೆ ಒಂದು ಕಾದಂಬರಿಯ ‘ಯೋಜನೆ’ಯನ್ನೇ ತಯಾರಿಸಿದಳು. ಒಂದೂ ದೋಷವಿಲ್ಲದ ನಾಯಕಿ, ಸದ್ಗುಣಿ ತಂದೆ, ಅವರಿಬ್ಬರೂ ಯೂರೋಪಿನ ದೇಶದಿಂದ ದೇಶಕ್ಕೆ ಓಡಿ ಕೊನೆಗೆ ಕಮ್ಚಾಟ್ಕಾ ಸೇರುವುದು! ಯಾವ ಅಂಶ ಯಾರ ಸಲಹೆ ಎಂದು ಅಂಚಿನಲ್ಲಿ ಹೆಸರೂ ಬರೆದಳು. ಕ್ಲಾರ್ಕ್ ಅದರಲ್ಲಿದ್ದಾನೆ, ಅಣ್ಣನ ಮಗಳು ಫ್ಯಾನಿ ನೈಟ್ ಕೂಡ ಇದ್ದಾಳೆ. ಈ ‘ಯೋಜನೆ’ಯ ಹಸ್ತಪ್ರತಿ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. 1926ರಲ್ಲಿ ಅದೂ ಓದುಗರ ಅಭಿಪ್ರಾಯಗಳ ಪಟ್ಟಿಗಳೂ ಒಟ್ಟಿಗೆ ಪುಸ್ತಕವಾಗಿ ಬಂದವು.

ಇಂದು ‘ರೀಜೆನ್ಸಿ ರೊಮ್ಯಾನ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಐತಿಹಾಸಿಕ ಪ್ರೇಮಕಾದಂಬರಿಗಳಿಗೆ ಆಸ್ಟಿನ್‌ಳನ್ನೇ ಮೂಲಪುರುಷಳೆಂದು ತಿಳಿಯುವವರಿದ್ದಾರೆ. ವಾಸ್ತವವಾಗಿ ಆ ಪ್ರಕಾರಕ್ಕೆ ರೂಪ ಕೊಟ್ಟವಳು ಜಾರ್ಜೆಟ್ ಹೇಯರ್. ಅವಳ ‘ರೀಜೆನ್ಸಿ ಬಕ್’ ಬಂದದ್ದು 1935ರಲ್ಲಿ. ಹೇಯರ್‌ಗೆ ಅದು ಇತಿಹಾಸ. ಅಂದಿನ ಉಡುಪು, ಸಾರೋಟು, ಮಾತಿನ ವರಸೆಗಳನ್ನು ಅವಳು ಹುಡುಕಿ ಕಲಿಯಬೇಕಿತ್ತು. ಆಸ್ಟಿನ್‌ಗೆ ಅದು ಕಿಟಕಿಯಾಚೆಯ ಬೀದಿ. ಆಕೆಯ ಓದುಗರು ಕೇಳಿದ್ದು ಎದುರುಮನೆಯವರ ಹಾಗೆ ಮಾತಾಡುವ ಪಾತ್ರಗಳನ್ನು, ಇಲ್ಲವೇ ಅದಕ್ಕೆ ತದ್ವಿರುದ್ಧವಾಗಿ ಅಂಥವು ಸಾಕು ಎಂದು.

ಸಲಹೆಗಳು ನಿಲ್ಲಲಿಲ್ಲ. 1817ರ ಮಾರ್ಚ್‌ನಲ್ಲಿ, ಆಸ್ಟಿನ್ ಕಾಯಿಲೆಯಲ್ಲಿದ್ದಾಗ, ಫ್ಯಾನಿ ನೈಟ್ ಮತ್ತೊಬ್ಬನ ಅಭಿಪ್ರಾಯ ಕಳಿಸಿದಳು. ಅವಳನ್ನು ಮೆಚ್ಚಿಕೊಂಡಿದ್ದ ವೈಲ್ಡ್‌ಮನ್ ಎಂಬ ಯುವಕನಿಗೆ, ಬರೆದವರು ಯಾರೆಂದು ಹೇಳದೆ ಅತ್ತೆಯ ಕಾದಂಬರಿಗಳನ್ನು ಓದಲು ಕೊಟ್ಟಿದ್ದಳು. ಅವನಿಗೆ ಹಿಡಿಸಲಿಲ್ಲ. ಹೆಣ್ಣುಮಕ್ಕಳ ಬಗ್ಗೆ ಒಳ್ಳೆಯ ಭಾವನೆಯನ್ನೇ ಇಟ್ಟುಕೊಳ್ಳಬೇಕೆಂಬುದು ಅವನ ಆಸೆ. ಅದಕ್ಕಾಗಿ ಅವನನ್ನು ಗೌರವಿಸುತ್ತೇನೆ ಎಂದು ಆಸ್ಟಿನ್ ಮರುಬರೆದಳು. ಪರಿಪೂರ್ಣ ನಾಯಕಿಯರನ್ನು ಕಂಡರೆ ತನಗೆ ಹೊಟ್ಟೆ ತೊಳಸುತ್ತದೆ, ಪಾಪ, ಅವನಿಗೆ ತನ್ನ ಪುಸ್ತಕ ಇನ್ನು ಓದಿಸಬೇಡ ಎಂದೂ ಸೇರಿಸಿದಳು. ಅದೇ ಕಾಗದದಲ್ಲಿ, ಬರೆದು ಮುಗಿಸಿದ್ದ ಇನ್ನೊಂದು ಕಾದಂಬರಿಯ ಪ್ರಸ್ತಾಪವಿದೆ. ಅದರ ನಾಯಕಿ ನಿನಗೆ ಇಷ್ಟವಾದಾಳು, ನನಗಂತೂ ಅವಳು ಅತಿ ಒಳ್ಳೆಯವಳು ಎನಿಸುತ್ತಾಳೆ ಎಂದು ಫ್ಯಾನಿಗೆ ತಿಳಿಸಿದಳು.

ಆ ಕಾದಂಬರಿ ‘ಪರ್ಸುವೇಷನ್’. ಜುಲೈ 18ರಂದು ಆಸ್ಟಿನ್ ವಿಂಚೆಸ್ಟರ್‌ನಲ್ಲಿ ತೀರಿಕೊಂಡಳು. ಆಗ ಆಕೆಗೆ 41 ವರ್ಷ. ಪುಸ್ತಕ ಹೊರಬಂದದ್ದು ಡಿಸೆಂಬರ್ ತಿಂಗಳಲ್ಲಿ. ಅದರ ಓದುಗರು ಏನೆಂದರು ಎಂಬುದಕ್ಕೆ ಆಕೆಯ ಕೈಬರಹದ ಪಟ್ಟಿ ಇಲ್ಲ.