ನೀರುಗಂಟಿಯ ಹಕ್ಕು ಮತ್ತು ಹಂಗು

ಹಳೆಯ ಮೈಸೂರು ಸೀಮೆಯ ಕೆರೆಗಳ ಚರಿತ್ರೆ ಸಾಮಾನ್ಯವಾಗಿ ಅವುಗಳನ್ನು ಕಟ್ಟಿಸಿದ ಅರಸರು, ದಂಡನಾಯಕರು ಮತ್ತು ವರ್ತಕರಿಂದ ಆರಂಭವಾಗುತ್ತದೆ. ಶಾಸನಗಳು ಉಳಿಸಿಕೊಟ್ಟಿರುವುದೂ ಹೆಚ್ಚಾಗಿ ಆ ಹೆಸರುಗಳನ್ನೇ. ಕೆರೆ ಕಟ್ಟಿದವರಿಗೆ ಇಲ್ಲವೆ ಜೀರ್ಣೋದ್ಧಾರ ಮಾಡಿದವರಿಗೆ ತೆರಿಗೆಯ ರಿಯಾಯಿತಿಯೊಂದಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಕೊಡಗಿ ಎಂದೂ, ಕೆರೆಯ ಪಾಲನೆಗಾಗಿ ಮೀಸಲಿಟ್ಟ ಭೂಮಿಗೆ ಅಥವಾ ಫಸಲಿನ ಪಾಲಿಗೆ ಬಿತ್ತುವಟ್ಟ ಎಂದೂ ಹೆಸರಿದ್ದು, ಕೆರೆಯನ್ನು ಕಟ್ಟುವಾಗಲೇ ಅದರ ಮುಂದಿನ ಖರ್ಚಿಗೂ ದಾರಿ ಮಾಡಿಡುವ ದೂರದೃಷ್ಟಿ ಈ ದತ್ತಿಗಳಲ್ಲಿ ಕಾಣುತ್ತದೆ. ಆದರೆ ಏರಿಯ ಮೇಲೆ ಓಡಾಡುತ್ತ, ತೂಬನ್ನು ತೆರೆದು ಮುಚ್ಚುತ್ತ, ನೀರನ್ನು ಗದ್ದೆಯಿಂದ ಗದ್ದೆಗೆ ಹಾಯಿಸುತ್ತಿದ್ದ ನೀರುಗಂಟಿಗೆ ಶಾಸನಗಳಲ್ಲಿ ಅಂತಹ ಸ್ಥಾನ ದೊರೆತಿಲ್ಲ.

ಹಳ್ಳಿಯ ಸೇವೆಗೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ವಂಶಪಾರಂಪರ್ಯವಾಗಿ ಬರುತ್ತಿದ್ದ ಈ ಕೆಲಸ ಬಹುಪಾಲು ಊರುಗಳಲ್ಲಿ ದಲಿತ ಕುಟುಂಬಗಳದಾಗಿತ್ತು. ಕಣದಲ್ಲಿ ಸಿಗುತ್ತಿದ್ದ ಆಯದ ಜೊತೆಗೆ ಕೆಲವು ಕಡೆ ಇನಾಮು ಭೂಮಿಯೂ ಇರುತ್ತಿತ್ತು. ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರು ಹಾಯುವ ಗದ್ದೆ ಬಯಲಿನಲ್ಲಿ, ಸರದಿ ಯಾರದು ಎಂಬುದನ್ನು ನೋಡಿಕೊಳ್ಳುವವನು ಅವನೇ. ಮಳೆ ಕೈಕೊಟ್ಟ ವರ್ಷ ಎಷ್ಟು ಗದ್ದೆಗೆ ನೀರು ಸಾಲುತ್ತದೆ, ಭತ್ತ ಬಿಟ್ಟು ರಾಗಿ ಹಾಕಬೇಕೇ ಎಂಬ ತೀರ್ಮಾನವನ್ನು ಊರಿನ ಹಿರಿಯರು ಮಾಡುತ್ತಿದ್ದರಾದರೂ, ಕೆರೆಯ ಒಡಲನ್ನು ದಿನವೂ ನೋಡುತ್ತಿದ್ದ ಅವನ ಮಾತನ್ನು ಬದಿಗಿಟ್ಟು ಅದನ್ನು ಮಾಡುವುದು ಕಷ್ಟವಿತ್ತು. ಅವನಿಗೆ ಅಚ್ಚುಕಟ್ಟಿನಲ್ಲಿ ದೊಡ್ಡ ಹಿಡುವಳಿ ಇಲ್ಲದಿದ್ದುದೇ ಅವನ ನಿಷ್ಪಕ್ಷಪಾತಕ್ಕೆ ಆಧಾರವೆಂಬ ವಿವರಣೆಯಿದೆ. ಈ ವಿವರಣೆ ಸುಳ್ಳಲ್ಲ, ಆದರೆ ಅದು ಬಡತನವನ್ನೇ ಅರ್ಹತೆಯೆಂದು ಹೊಗಳಿದಂತಾಗುತ್ತದೆ. ಇಡೀ ಬಯಲಿಗೆ ನೀರುಣಿಸಿದವನು ಅನೇಕ ಊರುಗಳಲ್ಲಿ ಮೇಲ್ಜಾತಿಯವರ ಕುಡಿಯುವ ನೀರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ. ನೀರಿನ ಹಂಚಿಕೆಯಲ್ಲಿ ನ್ಯಾಯವಿತ್ತು, ಆ ನ್ಯಾಯ ಗದ್ದೆಗಳ ನಡುವಿನದಾಗಿತ್ತು, ಮನುಷ್ಯರ ನಡುವಿನದಾಗಿರಲಿಲ್ಲ.

ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ (1831–1881) ಕೆರೆಗಳು ಕ್ರಮೇಣ ಲೋಕೋಪಯೋಗಿ ಇಲಾಖೆಯ ಕಡತಗಳಿಗೆ ಸೇರಿದವು. ಹೂಳು ತೆಗೆಯುವ ಹೊಣೆ ರೈತರದೋ ಸರ್ಕಾರದ್ದೋ ಎಂಬ ಜಗ್ಗಾಟ ಮುಂದೆಯೂ ಉಳಿದು, 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗಾಗಿ ಒಂದು ಕಾಯಿದೆಯನ್ನೇ ತಂದಿತು. ನೀರುಗಂಟಿಯ ಬದುಕು ನಿಜವಾಗಿ ಬದಲಾದದ್ದು ಸ್ವಾತಂತ್ರ್ಯಾನಂತರ, ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆಯಿಂದ. 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಈ ಕಾಯಿದೆ ಶಾನುಭೋಗ, ಪಟೇಲರಿಂದ ಹಿಡಿದು ತೋಟಿ, ತಳವಾರರವರೆಗೆ ವಂಶಪಾರಂಪರ್ಯದ ಸೇವೆಯನ್ನು ಕೊನೆಗೊಳಿಸಿ, ಇನಾಮು ಭೂಮಿಯನ್ನು ಕಂದಾಯಕ್ಕೊಳಪಡಿಸಿ ಹಿಡುವಳಿದಾರರಿಗೆ ಮರುಮಂಜೂರು ಮಾಡಲು ಅವಕಾಶ ಕಲ್ಪಿಸಿತು. ಹುಟ್ಟಿನಿಂದ ಅಂಟುವ ದುಡಿಮೆಯಿಂದ ಬಿಡುಗಡೆಯೆಂಬುದು ಸಣ್ಣ ಗಳಿಕೆಯಲ್ಲ. ಆದರೆ ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ತೂಬಿನ ಬಳಿಗೆ ಸಂಬಳದ ನೌಕರನನ್ನು ಕಳಿಸುವ ಯೋಚನೆ ಅಷ್ಟು ಗಟ್ಟಿಯಾಗಿ ಯಾರಿಗೂ ಹೊಳೆಯಲಿಲ್ಲ. ಹಳೆಯ ಕಟ್ಟು ಕಳಚಿತು, ಅದರೊಂದಿಗೆ ನಿಗದಿಯಾಗಿದ್ದ ಆಯವೂ ಅನೇಕ ಕಡೆ ಸಡಿಲಾಯಿತು. ಕೆಲಸ ಕೆಲವೆಡೆ ಹಂಗಾಗಿ ಉಳಿಯಿತು, ಹಲವೆಡೆ ನಿಂತೇಹೋಯಿತು.

ಅಷ್ಟರಲ್ಲಿ ಕೊಳವೆಬಾವಿ ಬಂದಿತ್ತು. ಸ್ವಂತ ಪಂಪು ಹೂಡಬಲ್ಲವನಿಗೆ ಸರದಿಯ ಅಗತ್ಯವಿಲ್ಲವಾಗಿ, ಕಾಲುವೆ ತೋಡಲು, ಗೋಡು ಎತ್ತಲು ಅವನು ಬರುವುದೂ ನಿಂತಿತು; ಹೂಳು ತುಂಬಿದ ಕೆರೆಯ ನಷ್ಟ ಕೊಳವೆಬಾವಿಯಿಲ್ಲದ ಸಣ್ಣ ಹಿಡುವಳಿದಾರನ ಪಾಲಿಗೆ ಬಿತ್ತು. 2002ರ ನಂತರ ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ ಜಲಸಂವರ್ಧನೆ ಯೋಜನಾ ಸಂಘವು ಹಳ್ಳಿಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದಾಗ, ಅಚ್ಚುಕಟ್ಟುದಾರರ ಜೊತೆಗೆ ಭೂಹೀನರನ್ನೂ ಮಹಿಳೆಯರನ್ನೂ ಒಳಗೊಳ್ಳುವ ಆಶಯವಿತ್ತು. ಮೀನು, ಹುಲ್ಲು, ಹೂಳು ಕೂಡ ಕೆರೆಯ ಆದಾಯವೇ ಎಂಬ ತಿಳಿವಳಿಕೆ ಆ ಆಶಯದ ಹಿಂದಿದ್ದುದರಿಂದ ಅದು ಕೇವಲ ಬಾಯಿಮಾತೆನ್ನುವುದು ತಪ್ಪಾಗುತ್ತದೆ.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಹೆಚ್ಚಿಸುವುದೇ ಗುರಿಯಾದ್ದರಿಂದ ಆ ನೀರು ತೂಬಿನ ಮೂಲಕ ಗದ್ದೆಗೆ ಇಳಿಯಬೇಕಾಗಿಲ್ಲ; ಭೂಮಿಯೊಳಗೆ ಇಂಗಿದ ಮೇಲೆ ಅದು ಕೊಳವೆಬಾವಿ ಉಳ್ಳವರ ಕೈಗೆ ಮೊದಲು ಸಿಗುತ್ತದೆ, ಅಲ್ಲಿ ಸರದಿ ನೋಡುವವರು ಯಾರೂ ಇಲ್ಲ.