ಬರಿಯ ಗೂಡುಗಳ ಚರಿತ್ರೆ

ನಮ್ಮ ಊರಿನ ಪೇಟೆಬೀದಿಯಲ್ಲಿ ದೀಪಾವಳಿಯ ಅಮಾವಾಸ್ಯೆಯ ದಿನ ಮಂಡಿಯ ಶೆಟ್ಟರು ಹೊಸ ಖಾತೆಪುಸ್ತಕಕ್ಕೆ ಪೂಜೆ ಮಾಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಪೂಜೆ ಮುಗಿದ ಮೇಲೆ ಅವರ ಗುಮಾಸ್ತರು ಹಳೆಯ ಪುಸ್ತಕವನ್ನು ಎಡಗಡೆ, ಹೊಸದನ್ನು ಬಲಗಡೆ ಇಟ್ಟುಕೊಂಡು, ಹಾಳೆಗೊಂದರಂತೆ ಗಿರಾಕಿಗಳ ಹೆಸರುಗಳನ್ನು ಬರೆಯುತ್ತ ಹೋಗುವರು. ಶಿಲ್ಕನ್ನು ಎಳೆದುಕೊಳ್ಳುವುದು ಆಮೇಲಿನ ಮಾತು. ಮೊದಲು ಬರುವುದು ಹೆಸರುಗಳ ಅನುಕ್ರಮ ಮಾತ್ರ. ತುಂಬಿದ ಸರಕನ್ನು ಬಿಟ್ಟು ಬರಿಯ ಗೂಡುಗಳನ್ನು ಹೊಸ ಮನೆಗೆ ಸಾಗಿಸುವ ಈ ಕೆಲಸದಲ್ಲಿ ಅಂತಹ ವಿಶೇಷವೇನೂ ಇದೆಯೆಂದು ನನಗಾಗ ತೋರಿರಲಿಲ್ಲ. ಗಣಕಯಂತ್ರದಲ್ಲಿ ಅದೇ ಕೆಲಸಕ್ಕೆ ಕೈಹಾಕಿ ನಷ್ಟವನ್ನು ಅನುಭವಿಸಿದ ಮೇಲೆ, ಈ ಗೂಡುಗಳು ಎಲ್ಲಿಂದ ಬಂದವೆಂಬುದನ್ನು ಹುಡುಕಿಕೊಂಡು ಹೋದೆ.

ಕಾಗದಪತ್ರಗಳನ್ನು ಮಡಿಸಿ ಕಟ್ಟಿ ಗೂಡಿಗೆ ಸೇರಿಸುವುದು ಹಳೆಯ ದಫ್ತರದ ಕ್ರಮ. ಅವನ್ನು ದಪ್ಪ ಕಾಗದದ ಹೊದಿಕೆಯಲ್ಲಿಟ್ಟು, ಸೆಳೆಖಾನೆಯಲ್ಲಿ ನೆಟ್ಟಗೆ ನಿಲ್ಲಿಸುವ ಪೆಟ್ಟಿಗೆಯನ್ನು ಅಮೆರಿಕದ ಲೈಬ್ರರಿ ಬ್ಯೂರೋ ಎಂಬ ಸಂಸ್ಥೆ 1893ರಲ್ಲಿ ಚಿಕಾಗೋದ ಜಾಗತಿಕ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಆ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ವಿವೇಕಾನಂದರು ಮಾತನಾಡಿದ್ದು. ನಮ್ಮವರಿಗೆ ಆ ಭಾಷಣ ನೆನಪಿದೆ, ಪೆಟ್ಟಿಗೆಯ ನೆನಪಿಲ್ಲ. ಆದರೆ ಇಂದು ಗಣಕದ ತೆರೆಯ ಮೇಲೆ ಕಾಣುವ ‘ಫೋಲ್ಡರ್’ ಎಂಬ ಹೆಸರು ಅಂತಹ ಕಾಗದದ ಹೊದಿಕೆಯದೇ. 1981ರಲ್ಲಿ ಜೆರಾಕ್ಸ್ ಕಂಪನಿಯ ಸ್ಟಾರ್ ಎಂಬ ಯಂತ್ರ ಆ ಹೊದಿಕೆಯ ಚಿತ್ರವನ್ನು ತೆರೆಯ ಮೇಲೆ ತಂದಿತು.

ಚಿತ್ರ ಬರುವುದಕ್ಕೆ ಬಹಳ ಮುಂಚೆಯೇ ವಿಚಾರ ಬಂದಿತ್ತು. 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅನೇಕರು ಒಂದೇ ಗಣಕವನ್ನು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯೊಂದು ಸಿದ್ಧವಾಯಿತು. ಅದರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪಟ್ಟಿ. ಪಟ್ಟಿಯೊಳಗೆ ಇನ್ನೊಂದು ಪಟ್ಟಿಗೆ ಎಡೆಯಿಲ್ಲ. ಇದರ ಮುಂದಿನ ಹೆಜ್ಜೆಯಾಗಿ ಆ ಸಂಸ್ಥೆ, ಬೆಲ್ ಪ್ರಯೋಗಾಲಯ, ಜನರಲ್ ಎಲೆಕ್ಟ್ರಿಕ್ ಕಂಪನಿ ಮೂವರೂ ಸೇರಿ ಮಲ್ಟಿಕ್ಸ್ ಎಂಬುದನ್ನು ಕಟ್ಟಲು ಹೊರಟರು. ಅದಕ್ಕಾಗಿ ಡೇಲಿ ಮತ್ತು ನಾಯ್ಮನ್ ಎಂಬಿಬ್ಬರು 1965ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಅದರ ತಿರುಳನ್ನು ಹೀಗೆ ಹೇಳಬಹುದು: ಪಟ್ಟಿಯೂ ಒಂದು ಕಡತವೇ. ಅದರಲ್ಲಿರುವುದು ಇತರ ಕಡತಗಳ ಹೆಸರು, ಅವು ಎಲ್ಲಿವೆಯೆಂಬ ಗುರುತು, ಇಷ್ಟೇ. ಪಟ್ಟಿ ಕಡತವಾದ ಮೇಲೆ ಒಂದು ಪಟ್ಟಿಯೊಳಗೆ ಇನ್ನೊಂದರ ಹೆಸರು ಬರಲು ಅಡ್ಡಿಯೇನು? ಹೀಗೆ ಮರ ಬೆಳೆಯಿತು. ಅದೂ ತಲೆಕೆಳಗಾದ ಮರ. ಬೇರು ಮೇಲೆ, ಕೊಂಬೆ ಕೆಳಗೆ ಇರುವ ಅಶ್ವತ್ಥದ ಮಾತನ್ನು ಗೀತೆಯಲ್ಲಿ ಓದಿದವರಿಗೆ ಇದು ಹೊಸದೆನಿಸದು.

1969ರಲ್ಲಿ ಬೆಲ್ ಪ್ರಯೋಗಾಲಯ ಮಲ್ಟಿಕ್ಸ್‌ನಿಂದ ಹಿಂದೆ ಸರಿಯಿತು. ಅಲ್ಲಿಯ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಚಿಕ್ಕ ಯಂತ್ರವೊಂದರ ಮೇಲೆ ಯೂನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದಾಗ ಈ ಮರವೂ ಅವರೊಡನೆ ಹೋಯಿತು. ಮನೆಯ ಗಣಕಗಳಿಗೆ ಅದು ತಡವಾಗಿ ಬಂದಿತು. 1981ರ ಐಬಿಎಂ ಗಣಕದ ಡಾಸ್ ವ್ಯವಸ್ಥೆಯಲ್ಲಿ ಗೂಡೇ ಇರಲಿಲ್ಲ. 160 ಕಿಲೋಬೈಟ್ ಹಿಡಿಸುವ ಫ್ಲಾಪಿ ತಟ್ಟೆಯಲ್ಲಿ 64 ಹೆಸರುಗಳ ಒಂದೇ ಪಟ್ಟಿ. ಅಷ್ಟಕ್ಕೆ ಗೂಡುಗಳ ಅಗತ್ಯವೂ ಇರಲಿಲ್ಲವೆನ್ನಬಹುದು. 1983ರಲ್ಲಿ 10 ಮೆಗಾಬೈಟಿನ ಗಟ್ಟಿತಟ್ಟೆಯುಳ್ಳ ಯಂತ್ರ ಬಂದಾಗ, ಅಷ್ಟು ದೊಡ್ಡ ಮನೆಯಲ್ಲಿ ಗೋಡೆಗಳಿಲ್ಲದೆ ಬಾಳುವುದು ಅಸಾಧ್ಯವಾಯಿತು. ಡಾಸ್ 2.0 ಗೂಡುಗಳನ್ನು ತಂದಿತು. ಅವುಗಳ ನಕ್ಷೆಯನ್ನು ತೋರಿಸುವ ಆಜ್ಞೆಗೆ ‘ಟ್ರೀ’, ಎಂದರೆ ಮರ, ಎಂದೇ ಹೆಸರಾಯಿತು. 1986ರಲ್ಲಿ ಕೊಂಬೆಸಹಿತ ನಕಲು ಮಾಡುವ ‘ಎಕ್ಸ್‌ಕಾಪಿ’ ಬಂದಿತು. ಮುಂದೆ ವಿಂಡೋಸ್ ಕಾಲದಲ್ಲಿ ಅದಕ್ಕೆ ‘ಟಿ’ ಎಂಬ ಸೂಚನೆಯೊಂದು ಸೇರಿತು: ಕಡತಗಳನ್ನು ಬಿಡು, ಗೂಡುಗಳನ್ನು ಮಾತ್ರ ಕಟ್ಟು. ಯೂನಿಕ್ಸ್ ಬಲ್ಲವರು ‘ಫೈಂಡ್’ ಎಂಬ ಆಜ್ಞೆಯಿಂದ ಗೂಡುಗಳನ್ನು ಮಾತ್ರ ಹುಡುಕಿ, ‘ಎಂಕೆಡಿರ್’ ಎಂಬುದರಿಂದ ಅವೇ ಹೆಸರಿನ ಗೂಡುಗಳನ್ನು ಬೇರೆ ಕಡೆ ಕಟ್ಟುತ್ತಾರೆ.

ಇದಾವುದೂ ನನಗೆ ತಿಳಿದಿರಲಿಲ್ಲ. ಕೆಲವು ವರ್ಷಗಳಿಂದ ನನ್ನ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಅಜ್ಜಿಯರಿಂದ ಹಾಡಿಸಿ ಮುದ್ರಿಸಿಕೊಂಡು ಬರುತ್ತಿದ್ದ ಜನಪದ ಗೀತೆಗಳನ್ನು ನಾನು ಗಣಕದಲ್ಲಿ ಕೂಡಿಡುತ್ತಿದ್ದೆ. ಅರಸೀಕೆರೆ, ಬೇಲೂರು, ಚನ್ನರಾಯಪಟ್ಟಣ ಎಂದು ತಾಲ್ಲೂಕಿಗೊಂದು ಗೂಡು, ಅದರೊಳಗೆ ಹಳ್ಳಿಗೊಂದು, ಹಳ್ಳಿಯೊಳಗೆ ಬೀಸುವ ಪದ, ಸೋಬಾನೆ, ಲಾಲಿ ಎಂದು ಬಗೆಗೊಂದು. ಹೊಸ ವರ್ಷದ ಹಾಡುಗಳಿಗೂ ಅದೇ ಏರ್ಪಾಡು ಬೇಕೆನಿಸಿತು. ನನಗೆ ತೋಚಿದ ಉಪಾಯವೆಂದರೆ, ಇಡಿಯ ಗಂಟನ್ನು ಬೇರೆ ಕಡೆ ನಕಲು ಮಾಡಿ, ಆ ನಕಲಿನಲ್ಲಿರುವ ಹಾಡುಗಳನ್ನು ಅಳಿಸಿಬಿಡುವುದು.

ನಕಲಿಗೆ ‘ಸಿ’ ಅಕ್ಷರವನ್ನು ಒತ್ತಬೇಕು. ನನ್ನ ಬೆರಳು ಪಕ್ಕದ ‘ಎಕ್ಸ್’ ಅನ್ನು ಒತ್ತಿತು. ಅದು ಸ್ಥಳಾಂತರದ ಆಜ್ಞೆ. ಅಷ್ಟು ಹಾಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಜಾಗಕ್ಕೆ ಬಂದವು. ಯಂತ್ರದ ಚುರುಕಿಗೆ ನಾನು ಮೆಚ್ಚಿದೆ! ಡೇಲಿ, ನಾಯ್ಮನ್ನರ ಮಾತು ಆಗ ತಿಳಿದಿದ್ದರೆ ಅಲ್ಲಿಯೇ ತಡೆಯುತ್ತಿದ್ದೆ. ಒಂದೇ ತಟ್ಟೆಯ ಮೇಲೆ ಸ್ಥಳಾಂತರವೆಂದರೆ ಪಟ್ಟಿಯಲ್ಲಿ ಹೆಸರು ಬದಲಾಗುವುದಷ್ಟೇ, ಹಾಡು ಇದ್ದಲ್ಲಿಂದ ಕದಲುವುದಿಲ್ಲ. ನಿಜವಾದ ನಕಲಿಗಾದರೆ ಹೊತ್ತು ಹಿಡಿಯುತ್ತದೆ. ಆ ಚುರುಕೇ ಎಚ್ಚರಿಕೆಯಾಗಬೇಕಿತ್ತು. ಹಾಡುಗಳನ್ನೆಲ್ಲ ಹುಡುಕಿ ಗುರುತು ಮಾಡಿ, ಕಸದ ಬುಟ್ಟಿಗೂ ಹೋಗದಂತೆ ಅಳಿಸಿದೆ. ಹಳೆಯ ಜಾಗಕ್ಕೆ ಮರಳಿ ನೋಡಿದರೆ ಅಲ್ಲಿ ಏನೂ ಇಲ್ಲ. ನಾನು ಬಯಸಿದ್ದ ಬರಿಯ ಗೂಡುಗಳು ಮಾತ್ರ ಚೊಕ್ಕಟವಾಗಿ ಸಿದ್ಧವಾಗಿದ್ದವು.

ಕಳೆದ ಕಡತಗಳನ್ನು ಹೊರತೆಗೆಯಬಲ್ಲ ಒಬ್ಬರ ಬಳಿಗೆ ಗಣಕವನ್ನು ಒಯ್ದೆ. ಅಳಿಸುವಾಗ ಮೊದಲು ಹೋಗುವುದು ಪಟ್ಟಿಯ ನಮೂದು. ಹಾಡು ಬೇರೊಂದು ಬರಹ ಅದರ ಮೇಲೆ ಬೀಳುವ ತನಕ ತಟ್ಟೆಯಲ್ಲಿ ಉಳಿದಿರುತ್ತದೆ. ಹಾಗೆ ಹೆಚ್ಚುಕಡಿಮೆ ಅರ್ಧದಷ್ಟು ಹಾಡುಗಳು ದೊರೆತವು. ಆದರೆ ಒಂದಕ್ಕೂ ಹೆಸರಿಲ್ಲ, ಊರಿಲ್ಲ, ಬರಿಯ ಅಂಕೆಗಳು. ಒಂದು ಕಡೆ ದನಿಯಿಲ್ಲದ ಹೆಸರುಗಳು, ಇನ್ನೊಂದು ಕಡೆ ಹೆಸರಿಲ್ಲದ ದನಿಗಳು ಉಳಿದವು.

ಆ ಬೇಸಗೆಯಿಡೀ ಕುಳಿತು ಕೇಳಿದೆ. ನುಡಿಯ ಧಾಟಿಯಿಂದ, ಹಾಡಿನಲ್ಲಿ ಬರುವ ದೇವರ ಹೆಸರಿನಿಂದ, ಹಿನ್ನೆಲೆಯಲ್ಲಿ “ಅಜ್ಜಿ, ಇನ್ನೊಂದ್ಸಲ ಹೇಳು” ಎನ್ನುವ ಮೊಮ್ಮಗಳ ದನಿಯಿಂದ ಒಂದೊಂದನ್ನೇ ಗುರುತಿಸಿ ಗೂಡು ಸೇರಿಸಿದೆ. ಗೂಡುಗಳು ಉಳಿದಿರದಿದ್ದರೆ, ಯಾವ ಹಳ್ಳಿಯ ಯಾವ ಬಗೆಯ ಹಾಡು ಇನ್ನೂ ಬರಬೇಕೆಂಬುದೂ ತಿಳಿಯುತ್ತಿರಲಿಲ್ಲ. ಖಾಲಿ ಉಳಿದವಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಮತ್ತೆ ಕಳುಹಿಸಿದೆ, ಕೆಲವು ತುಂಬಿದವು. ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಲಾಲಿಯ ಗೂಡು ತುಂಬಲಿಲ್ಲ. ಅದನ್ನು ಹಾಡಿದಾಕೆ ಅಷ್ಟರಲ್ಲಿ ತೀರಿಕೊಂಡಿದ್ದರು.

ಈಗ ಪ್ರತಿವರ್ಷವೂ ಎಕ್ಸ್‌ಕಾಪಿಯಿಂದಲೇ ಗೂಡುಗಳನ್ನು ಸಾಗಿಸುತ್ತೇನೆ. ಅದರಲ್ಲೊಂದು ಸೂಕ್ಷ್ಮವಿದೆ. ‘ಟಿ’ ಎಂದಷ್ಟೇ ಹೇಳಿದರೆ ಯಂತ್ರ ಏನಾದರೂ ಇರುವ ಗೂಡುಗಳನ್ನು ಮಾತ್ರ ಕಟ್ಟುತ್ತದೆ. ಮೊದಲೇ ಖಾಲಿಯಾಗಿರುವುದನ್ನು ಬಿಟ್ಟುಬಿಡುತ್ತದೆ. ಖಾಲಿಯದೂ ಬರಲಿ ಎನ್ನುವುದಾದರೆ ಜೊತೆಗೆ ‘ಇ’ ಎಂದು ಸೇರಿಸಬೇಕು. ನಾನು ಮರೆಯದೆ ಸೇರಿಸುತ್ತೇನೆ. ಹೊಸ ವಿದ್ಯಾರ್ಥಿಗಳು ಆ ಖಾಲಿ ಗೂಡನ್ನು ತೆರೆದು ನೋಡಿ, “ಇದರಲ್ಲಿ ಏನೂ ಇಲ್ಲವಲ್ಲ, ಸಾರ್” ಎನ್ನುತ್ತಾರೆ. ಅಲ್ಲಿ ಒಂದು ಲಾಲಿ ಇತ್ತು ಎಂದು ಹೇಳಿ, ನಿಮ್ಮ ಊರಿನಲ್ಲಿ ಹಾಡುವವರು ಯಾರಿದ್ದಾರೆ ಎಂದು ವಿಚಾರಿಸುತ್ತೇನೆ.